ಬಾಳಿದಷ್ಟೂ ಹೊಳೆಯುವ ಕೆಂಪು ನೆಲ

ಚಪ್ಪಲಿ ಬಿಟ್ಟು ಹಳೆಯ ಮನೆಯೊಂದರ ಒಳಗೆ ಕಾಲಿಟ್ಟಾಗ ಮೊದಲು ಬರಮಾಡಿಕೊಳ್ಳುವುದು ಅದರ ನೆಲ. ಅದು ರೆಡ್ ಆಕ್ಸೈಡ್ ನೆಲವಾದರೆ ಅಂಗಾಲಿಗೆ ತಂಪು, ಕಣ್ಣಿಗೆ ಕುಂಕುಮದ ಕೆಂಪು. ಕರಾವಳಿ, ಮಲೆನಾಡು, ಹಳೇ ಮೈಸೂರಿನ ಎಷ್ಟೋ ಮನೆಗಳಿಗೆ ಮನೆಯ ಕಳೆ ಬಂದದ್ದೇ ಈ ನೆಲದಿಂದ.

ಇದಕ್ಕೆ ಬೇಕಾಗುವುದು ಸಿಮೆಂಟು ಮತ್ತು ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ. ಕಷ್ಟವಿರುವುದು ಕೈಗೆಲಸದಲ್ಲಿ. ಪುಡಿ ಒಂದೇ ಹದದಲ್ಲಿ ಬೆರೆಯಬೇಕು. ಹಸಿ ಗಾರೆಯ ಮೇಲೆ ತೆಳುವಾಗಿ ಹರಡಿ, ಬಿಗಿಯುವ ಮೊದಲೇ ಕರಣೆಯಿಂದ ಮತ್ತೆ ಮತ್ತೆ ಒತ್ತಿ ನುಣುಪು ತರಬೇಕು. ನಡುವೆ ಕೈ ನಿಂತರೆ ಗೆರೆ ಉಳಿಯುತ್ತದೆ. ಮುಂದೆ ಬಿರುಕು ಬಿಟ್ಟರೆ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದು ಕಷ್ಟ. ನುಣುಪು ಬಂದ ಮೇಲೆ ದಿನಗಟ್ಟಲೆ ನೀರುಣಿಸಬೇಕು.

ಅಷ್ಟಾದ ಮೇಲೂ ಹೊಳಪು ಪೂರ್ತಿಯಾಗುವುದು ಮನೆಮಂದಿಯಿಂದಲೇ. ದಿನವೂ ಒರೆಸುವ ಬಟ್ಟೆ, ಆಗಾಗ ಸವರುವ ಕೊಬ್ಬರಿ ಎಣ್ಣೆ, ಓಡಾಡುವ ಬರಿಗಾಲು, ಊಟದ ಪಂಕ್ತಿ, ಮಧ್ಯಾಹ್ನ ಚಾಪೆಯಿಲ್ಲದೆ ಮಲಗಿದ ಮೈ ಎಲ್ಲವೂ ಅದನ್ನು ನಯಗೊಳಿಸುತ್ತವೆ. ಟೈಲ್ಸಿನ ಅಂದ ಹಾಕಿದ ದಿನವೇ ತುದಿ ಮುಟ್ಟಿ ನಿಲ್ಲುತ್ತದೆ. ಈ ನೆಲ ಬಾಳಿದಷ್ಟೂ ಚೆಂದವಾಗುತ್ತದೆ. ವಾಸಿಸುವವರ ಬದುಕನ್ನು ಹೀಗೆ ಮೈಗೂಡಿಸಿಕೊಳ್ಳುವ ವಸ್ತುವಿದ್ದರೆ ಕಟ್ಟಡ ಮನೆಯಾಗುತ್ತದೆ. ಹೊಸ ಮನೆ ಕಟ್ಟಿಸುವವರು ಒಂದು ಕೋಣೆಗಾದರೂ ಇದನ್ನು ಹಾಕಿಸಲಿ. ಈ ಕೆಲಸ ಬಲ್ಲ ಕೈಗಳಿಗೆ ಕಸುಬೂ ಉಳಿಯಲಿ.