ಕಡ್ಲೆಕಾಯಿ ಚಟ್ನಿ, ಕಡ್ಡಿಗೆ ಚುಚ್ಚಿದ ಬಾಡು: ಒಂದು ಪಾಕವಿಧಿಯ ವಿಮರ್ಶೆ

ಪಾಕವಿಧಿಯೂ ಒಂದು ಕೃತಿಯೇ. ಅದಕ್ಕೂ ಬರೆದವನಿದ್ದಾನೆ, ಓದುವವನಿದ್ದಾನೆ, ಜಾತಿ ಇದೆ, ವರ್ಗ ಇದೆ. ಕಥೆ ಪದ್ಯಗಳನ್ನು ಮಾತ್ರ ಒರೆಗೆ ಹಚ್ಚಿ ನೋಡುವ ನಾವು ಅಡುಗೆಯ ಬರಹವನ್ನು ಹೆಂಗಸರ ಪುಟ ಅಂತ ಮಡಚಿ ಬದಿಗಿಟ್ಟಿದ್ದೇವೆ. ಹಸಿವಿನ ಬಗ್ಗೆ ಇಷ್ಟೊಂದು ಬರೆದವರು ಊಟದ ಬಗ್ಗೆ ಬರೆದ ಮಾತನ್ನು ಓದುವುದಿಲ್ಲ ಅಂದರೆ ಅದು ನಮ್ಮ ವಿಮರ್ಶೆಯ ಕುರುಡು.

ಈ ಸಲ ನಾವು ಓದಿಗೆ ಎತ್ತಿಕೊಂಡಿರುವುದು ಇಂಡೋನೇಷ್ಯಾದ 'ಸಾತೆ ಸಾಪಿ'ಯ ವಿಧಾನ. 'ಸಾಪಿ' ಅಂದರೆ ಅಲ್ಲಿ ದನ. ದನದ ಬಾಡನ್ನು ಸಣ್ಣಗೆ ಸೀಳಿ, ಧನಿಯಾ, ಅರಿಸಿನ, ಬೆಳ್ಳುಳ್ಳಿ, ಹುಣಸೆಹುಳಿ, ಬೆಲ್ಲ ಹಚ್ಚಿ, ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ಕಡ್ಲೆಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಜಾವಾ ದ್ವೀಪದ ಬೀದಿಬದಿಯ ಊಟ ಇದು. ಈ ಪಟ್ಟಿಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೇರಿಗಳಿಗೆ ಹೊಸದು ಯಾವುದು? ಒಂದೂ ಇಲ್ಲ. ಕೆಂಪು ಮಣ್ಣಿನ ನಮ್ಮ ಹೊಲಗಳಲ್ಲಿ ಮಳೆ ನಂಬಿ ಬಿತ್ತಿದ್ದು ಕಡ್ಲೆಕಾಯಿಯನ್ನೇ. ಕೆಂಡದ ಮೇಲೆ ಬಾಡು ಸುಡುವುದನ್ನು ನಮಗೆ ಯಾರೂ ಹಡಗಿನಲ್ಲಿ ತಂದು ಕಲಿಸಲಿಲ್ಲ.

ಆದರೆ ಈ ಅಡುಗೆ ಕನ್ನಡಕ್ಕೆ ಬರುವಾಗ ಏನಾಗುತ್ತದೆ ನೋಡಿ. ದನ ಹೋಗಿ ಕೋಳಿ ಬರುತ್ತದೆ, ಕೋಳಿಯೂ ಹೋಗಿ ಪನೀರ್ ಬರುತ್ತದೆ. ಕಡ್ಡಿ ಉಳಿಯಿತು, ಚಟ್ನಿ ಉಳಿಯಿತು, ಹೆಸರೂ ಉಳಿಯಿತು. ಹೋದದ್ದು ಒಂದೇ, ನಮ್ಮದು. ಇದನ್ನು ರುಚಿಯ ವಿಷಯ ಅಂತ ಬಿಟ್ಟುಬಿಡಲಾಗದು. ಅನುವಾದದಲ್ಲಿ ಯಾವ ಪದ ಬಿಟ್ಟುಹೋಗುತ್ತದೆ ಅನ್ನುವುದರಲ್ಲೇ ಅನುವಾದಕನ ಜಾತಿ ಗೊತ್ತಾಗುತ್ತದೆ.

ಇದು ಇವತ್ತಿನ ರೋಗವಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಅದು ಪೂರ್ತಿ ಸಸ್ಯಾಹಾರದ ಗ್ರಂಥ. ಆತ ಜೈನ, ಆತನ ಧರ್ಮ ಆತನಿಗೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಅದಕ್ಕೂ ಹಿಂದೆ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಹಂದಿ, ಜಿಂಕೆ, ಆಮೆ, ಹೊಲದ ಇಲಿಯ ಅಡುಗೆಯನ್ನೂ ಬರೆಸಿದ. ದೊರೆ ಇಲಿ ತಿಂದರೆ ಅದು ಶಾಸ್ತ್ರ. ಕೇರಿಯವನು ತಿಂದರೆ? ಅದಕ್ಕೆ ಬೈಗುಳ ಇದೆ, ಗ್ರಂಥ ಇಲ್ಲ. ಉಂಡವರು ಲಕ್ಷಾಂತರ ಜನ, ಬರೆದವರು ಇಲ್ಲ.

ಇನ್ನೊಂದು ತಮಾಷೆ. ಕಡ್ಲೆಕಾಯಿಯಾಗಲಿ ಮೆಣಸಿನಕಾಯಿಯಾಗಲಿ ಮಂಗರಸನಿಗೆ ಗೊತ್ತೇ ಇರಲಿಲ್ಲ. ಎರಡೂ ಅಮೆರಿಕ ಖಂಡದಿಂದ ಯುರೋಪಿನವರ ಹಡಗು ಹತ್ತಿ ಆಮೇಲೆ ಬಂದವು. ಹೊರಗಿನಿಂದ ಬಂದ ಕಡ್ಲೆಕಾಯಿ ಉಪವಾಸದ ದಿನವೂ ತಿನ್ನಬಹುದಾದ ಶುದ್ಧ ಪದಾರ್ಥವಾಯಿತು. ಈ ಮಣ್ಣಿನಲ್ಲೇ ಇದ್ದ ಬಾಡು ಪರದೇಶಿಯಾಯಿತು. ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿವರ್ಷ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬೆಳೆ ಮೇಯುತ್ತಿದ್ದ ಬಸವ ಕಲ್ಲಾದ, ರೈತರು ಮೊದಲ ಫಸಲು ಅವನಿಗೆ ಒಪ್ಪಿಸಿದರು ಅಂತ ಅಲ್ಲಿಯ ಕಥೆ. ಅಲ್ಲಿ ಬಸವನೂ ಕಡ್ಲೆಕಾಯಿಯೂ ದೇವರಾಗಿ, ನೈವೇದ್ಯವಾಗಿ ಸೇರುತ್ತಾರೆ. ನಮ್ಮ ಕೇರಿಯಲ್ಲಿ ಅವೆರಡೂ ಒಲೆಯ ಮುಂದೆ ಸೇರುತ್ತವೆ. ಪತ್ರಿಕೆಗಳು ಮೊದಲನೆಯದನ್ನು ಸಂಸ್ಕೃತಿ ಅಂತ ಬರೆಯುತ್ತವೆ.

ಕಡ್ಲೆಕಾಯಿಯನ್ನು ಕನ್ನಡದಲ್ಲಿ ಸರಿಯಾಗಿ ಉಂಡು ತೋರಿಸಿದ್ದು ದೇವನೂರ ಮಹಾದೇವರ 'ಒಡಲಾಳ'. ಸಾಹುಕಾರನ ಕಡ್ಲೆಕಾಯಿ ಮನೆಗೆ ಬರುತ್ತದೆ, ಸಾಕವ್ವನ ಮನೆಯವರೆಲ್ಲ ಒಲೆ ಸುತ್ತ ಕೂತು ತಿನ್ನುತ್ತಾರೆ, ಬೆಳಗ್ಗೆ ಪೊಲೀಸರು ಬರುತ್ತಾರೆ. ಅಲ್ಲಿ ಹಸಿವು ಬೇಡಿಕೊಳ್ಳುವುದಿಲ್ಲ, ಅಳುವುದಿಲ್ಲ, ಸುಖವಾಗಿ ಉಣ್ಣುತ್ತದೆ. ಬಡವರ ಊಟದಲ್ಲಿ ಆನಂದವೂ ಇದೆ ಅಂತ ಗೊತ್ತಿದ್ದವರು ಮಾತ್ರ ಅದನ್ನು ಬರೆಯಬಲ್ಲರು. ನಮ್ಮ ತಲೆಮಾರಿನ ಪದ್ಯಗಳಲ್ಲಿ ಬಾಡು ಬಾವುಟವಾಗಿದೆ, ಊಟವಾಗಿಲ್ಲ. ಎಷ್ಟು ಹೊತ್ತು ಬೇಯಬೇಕು ಅಂತ ನಮ್ಮ ಯಾವ ಕವಿಗೂ ಗೊತ್ತಿಲ್ಲ. ಯಾಕಂದ್ರೆ ಬೇಯಿಸಿದವರು ಅವ್ವಂದಿರು.

ಅದಕ್ಕೇ ನಾವು ಮಾಡಿ ನೋಡಿದೆವು. ಅಡುಗೆ ಪುಸ್ತಕದ ಮೊದಲ ವಾಕ್ಯ 'ಅರ್ಧ ಕಿಲೋ ಮಾಂಸ ತೆಗೆದುಕೊಳ್ಳಿ' ಅಂತ. ಈ 'ತೆಗೆದುಕೊಳ್ಳಿ' ಅನ್ನೋ ಪದದಲ್ಲೇ ವರ್ಗ ಕೂತಿದೆ. ಎಲ್ಲಿಂದ? ಯಾರಿಂದ? 1964ರ ಕಾಯ್ದೆ ಹಸು, ಕರುಗಳ ವಧೆ ನಿಷೇಧಿಸಿದ್ದರೂ ವಯಸ್ಸಾದ ಎತ್ತಿಗೆ ದಾರಿ ಬಿಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನು ಎತ್ತು, ಹೋರಿಗಳನ್ನೂ ಸೇರಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿಟ್ಟಿತು. ತಪ್ಪಿದರೆ 3ರಿಂದ 7 ವರ್ಷ ಜೈಲು, ತಲೆಗೆ 50 ಸಾವಿರದಿಂದ 5 ಲಕ್ಷ ದಂಡ. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ದನಗಳ ಜಾತ್ರೆಯಲ್ಲಿ ಎಳೆ ಹೋರಿಗೆ ಹಾರ ಹಾಕಿ ಮೆರೆಸುತ್ತಾರೆ. ಉಳುಮೆ ಮುಗಿದ ಎತ್ತಿಗೆ ಬರಗಾಲದಲ್ಲಿ ಮೇವು ಹಾಕುವವರು ಯಾರು ಅಂತ ಹಾರ ಹಾಕಿದವರು ಹೇಳುವುದಿಲ್ಲ.

ಹಾಗಾಗಿ ನಮ್ಮದು ಎಮ್ಮೆ ಬಾಡು. ಇದರಲ್ಲೂ ನಮಗೆ ಜಾವಾದ ಜೊತೆ ಇದೆ. ಅಲ್ಲಿಯ ಕುದುಸ್ ಪಟ್ಟಣದಲ್ಲಿ ಸಾತೆ ಮಾಡುವುದೇ ಎಮ್ಮೆಯಿಂದ. ಹಿಂದೂ ನೆರೆಯವರ ಮನಸ್ಸು ನೋಯಬಾರದು ಅಂತ ಸುನಾನ್ ಕುದುಸ್ ಎಂಬ ಮುಸ್ಲಿಂ ಸಂತ ಹಸು ಕಡಿಯಬೇಡಿ ಅಂದ ಅನ್ನುವುದು ಅಲ್ಲಿಯ ನಂಬಿಕೆ. ಉಣ್ಣುವವರೇ ತಮಗೆ ತಾವು ಹಾಕಿಕೊಂಡ ಕಟ್ಟು ಅದು. ಉಣ್ಣದವರು ಉಣ್ಣುವವರ ಮೇಲೆ ಹೇರಿದ್ದು ಇದು. ಎರಡೂ ಒಂದೇ ಅಂತ ಹೇಳುವವರ ಜೊತೆ ನಮಗೆ ಜಗಳವಿದೆ.

ಎಮ್ಮೆಯದು ಗಟ್ಟಿ ಬಾಡು. ನಾರಿಗೆ ಅಡ್ಡಲಾಗಿ, ಕಿರುಬೆರಳಿನಷ್ಟು ಸೀಳಬೇಕು. ಮಸಾಲೆ ಜೊತೆ ಒಂದು ಚಮಚ ಪರಂಗಿಕಾಯಿ ತುರಿ ಕಲಸಿ ಒಂದು ಗಂಟೆ ಇಟ್ಟರೆ ಮೆತ್ತಗಾಗ್ತದೆ, ಹೆಚ್ಚು ಹೊತ್ತು ಬಿಟ್ಟರೆ ಹಿಟ್ಟಾಗ್ತದೆ. ಬಿದಿರು ಕಡ್ಡಿ ಅರ್ಧ ಗಂಟೆ ನೀರಲ್ಲಿ ನೆನೆಯಬೇಕು, ಇಲ್ಲಾಂದ್ರೆ ಬಾಡಿಗಿಂತ ಮೊದಲು ಕಡ್ಡಿ ಉರೀತದೆ. ಚಟ್ನಿಗೆ ಒಂದು ಪಾವು ಕಡ್ಲೆಬೀಜ ಹುರಿದು ಸಿಪ್ಪೆ ಉಜ್ಜಿ, ಐದಾರು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಬೆಲ್ಲ, ಉಪ್ಪು ಹಾಕಿ ರುಬ್ಬಿ, ತೆಂಗಿನಹಾಲು ಬೆರೆಸಿ ಎಣ್ಣೆ ಬಿಡುವವರೆಗೆ ಕುದಿಸುವುದು. ಕೆಂಡ ಬೂದಿ ಕಟ್ಟಿದ ಮೇಲೆ ಕಡ್ಡಿ ಇಡಬೇಕು, ಉರಿಯಲ್ಲಲ್ಲ. ಆಗಾಗ ತಿರುಗಿಸ್ತಾ ಏಳೆಂಟು ನಿಮಿಷ.

ಇಷ್ಟನ್ನೂ ಅವ್ವ ಮೂಲೆಯಲ್ಲಿ ಕೂತು ನೋಡ್ತಿದ್ದಳು. ಒಂದು ಕಡ್ಡಿ ತಿಂದು ಅಂದಳು: "ಚೆಂದಾಗೈತೆ ಕಣ್ರಪ್ಪಾ. ಆದ್ರೆ ಕಡ್ಡಿಗೆ ಚುಚ್ಚುದ್ರೆ ಬಾಡು ಬ್ಯಾರೆ ಆಗ್ಬುಡ್ತದ? ನಾವು ಸುಟ್ಕಂಡು ತಿಂದಾಗ ಯಾರೂ ಹೆಸ್ರು ಕೇಳ್ನಿಲ್ವಲ್ಲ." ನಮ್ಮ ವಿಮರ್ಶೆ ಇಷ್ಟು ಪುಟದಲ್ಲಿ ಹೇಳಿದ್ದನ್ನು ಆಕೆ ಎರಡು ಮಾತಲ್ಲಿ ಮುಗಿಸಿದಳು.

ಒಂದು ಎಚ್ಚರವೂ ಬೇಕು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದರು. ಅದನ್ನು ಕೇಳಿ ಬಿಟ್ಟ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ, ಅವರು ನಮ್ಮ ವಿರೋಧಿಗಳಲ್ಲ. ಬಿಟ್ಟಿ ಚಾಕರಿಗೆ ಕೂಲಿಯಾಗಿ ಎಸೆದದ್ದನ್ನು ಬಿಡುವುದು ಸ್ವಾಭಿಮಾನ. ಬೆಲೆ ಕೊಟ್ಟು ತಂದು ಇಷ್ಟದಿಂದ ಉಣ್ಣುವುದೂ ಸ್ವಾಭಿಮಾನವೇ. ತಿನ್ನಲೇಬೇಕು ಅಂತ ನಾವು ಹೇಳಿದರೆ ನಾವೂ ಪುರೋಹಿತರಾಗುತ್ತೇವೆ.

ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆ ಇವತ್ತು ಸೋಲಾರ್ ಫಲಕಗಳ ಕೆಳಗಿದೆ. ಹೊಲ ಇದ್ದವರಿಗೆ ಬಾಡಿಗೆ ಬರುತ್ತದೆ, ಕಡ್ಲೆಕಾಯಿ ಕಿತ್ತು ಬಿಡಿಸಿ ಬದುಕಿದ ಕೂಲಿ ಹೆಂಗಸರಿಗೆ ಬಾಡಿಗೆ ಇಲ್ಲ. ಬಾಡಿಗೆ ಕಾನೂನಿನ ಬೇಲಿ, ಕಡ್ಲೆಕಾಯಿಗೆ ತಂತಿ ಬೇಲಿ. ಇನ್ನು ಸ್ವಲ್ಪ ದಿನಕ್ಕೆ ನಮ್ಮ ಚಟ್ನಿಯನ್ನೂ ಪರದೇಶದ ಹೆಸರಿನಲ್ಲೇ ಕೊಂಡು ತಿನ್ನಬೇಕಾದೀತು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಯಲ್ಲಿ 'ನಮ್ಮ ಮನೆಯ ಊಟ' ಅಂತ ಪ್ರಬಂಧ ಬರೆಸಿದಾಗ ನಾವು ಅನ್ನ, ಸಾರು, ಪಾಯಸ ಅಂತ ಬರೆದು ಹತ್ತಕ್ಕೆ ಎಂಟು ತಗೊಂಡೆವು. ನಮ್ಮ ಮೊದಲ ಸಾಹಿತ್ಯ ಕೃತಿ ಆ ಸುಳ್ಳು. ನಿಮ್ಮ ತರಗತಿಯ ಮಗು ಈ ಸುಳ್ಳು ಬರೆಯದ ಹಾಗೆ ನೋಡಿಕೊಳ್ಳಿ. ಅದು ನಿಜ ಬರೆದ ದಿನ ಬೇರೆ ಮಕ್ಕಳು ನಗದ ಹಾಗೆಯೂ ನೋಡಿಕೊಳ್ಳಿ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆ ಒಂದು ಪುಟವನ್ನು ಅವ್ವಂದಿರ ಪಾಕಕ್ಕೆ ಬಿಡಲಿ. ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ. ತಿದ್ದುವ ಕೆಲಸ ನಮಗೆ ಬೇಡ, ಬರೆದುಕೊಳ್ಳುವ ಕೆಲಸ ಸಾಕು.