ಮಾಗಿದ ಮಿದುಳಿನ ಚೆಲುವು

ಎಪ್ಪತ್ತು ದಾಟಿದ, ಕಾಯಿಲೆಯ ಸುಳಿವಿಲ್ಲದ ಮಿದುಳಿನ ಎಂಆರ್‌ಐ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಏರಿಸಿದರೆ, ಬೇಗ ಇಳಿಸಲು ನಾನು ಬಿಡುವವನಲ್ಲ. ನಮ್ಮ ಮೈಸೂರಿನ ಮನೆಗಳಲ್ಲಿ ಆ ದೊಡ್ಡ ಕವರು ಬೀರುವಿನ ಮೇಲೆ ಹಳೇ ಪಂಚಾಂಗಗಳ ಜೊತೆ ಧೂಳು ತಿನ್ನುತ್ತಿರುತ್ತದೆ. ಒಳಗೆ ವಯಸ್ಸಿಗೆ ತಕ್ಕ ಬದಲಾವಣೆ ಎಂಬ ಒಣ ವರದಿ. ಅದನ್ನೋದಿ ಕೆಲವರು ಬೆದರುತ್ತಾರೆ, ಉಳಿದವರು ಮರೆಯುತ್ತಾರೆ. ಚಿತ್ರವನ್ನು ನೋಡುವವರೇ ಇಲ್ಲ!

ಬನ್ನಿ, ನಿಧಾನವಾಗಿ ನೋಡೋಣ. ಹೊರಗಿನ ಬೂದು ಅಂಚಿನ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ಅದು ಏರುತ್ತದೆ, ಬಳುಕುತ್ತದೆ, ಆಳಕ್ಕಿಳಿದು ಮತ್ತೆ ಮೇಲೇಳುತ್ತದೆ, ಉಟ್ಟು ಉಟ್ಟು ಮೆತ್ತಗಾದ ಮೈಸೂರು ರೇಷ್ಮೆ ಸೀರೆಯ ನೆರಿಗೆಯ ಹಾಗೆ. ಹರೆಯದಲ್ಲಿ ಈ ಮಡಿಕೆಗಳು ಒತ್ತೊತ್ತಾಗಿ ಬಿಗಿದುಕೊಂಡಿರುತ್ತವೆ. ವಯಸ್ಸು ಏರಿದಂತೆ ನಡುವಿನ ಕಣಿವೆಗಳು ಕೊಂಚ ಅಗಲವಾಗುತ್ತವೆ, ಒಳಗಿನ ದ್ರವ ತುಂಬಿದ ಕುಹರಗಳು ಹಿಗ್ಗುತ್ತವೆ. ಎಲ್ಲ ಕಡೆಯೂ ಒಂದೇ ಸಮನಾಗಿ ಅಲ್ಲ. ಹಣೆಯ ಹಿಂದಿನ ಭಾಗ ಬೇಗ ತೆಳುವಾಗುತ್ತದೆ. ಹಿಂದಲೆಯಲ್ಲಿ ಕಣ್ಣಿನ ವ್ಯವಹಾರ ನೋಡಿಕೊಳ್ಳುವ ತಾಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ನಿಜ ಹೇಳಬೇಕೆಂದರೆ, ಇಪ್ಪತ್ತರ ಮಿದುಳಿನ ಚಿತ್ರ ನನಗೆ ತುಸು ಸಪ್ಪೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಥರ. ಮಾಗಿದವು ಹಾಗಲ್ಲ, ಒಂದೊಂದಕ್ಕೂ ಅದರದೇ ಗುಣ, ಅದರದೇ ಗತಿ.

ಇನ್ನು ಬಣ್ಣದ ಚಿತ್ರಗಳ ಸೊಗಸು. ಮಿದುಳಿನ ಬಿಳಿ ಭಾಗದಲ್ಲಿ ನೀರಿನ ಅಣುಗಳು ನರತಂತುವಿನ ಉದ್ದಕ್ಕೆ ಸಲೀಸಾಗಿ ಚಲಿಸುತ್ತವೆ, ಅಡ್ಡಕ್ಕೆ ಅಷ್ಟು ಸುಲಭವಾಗಿ ಅಲ್ಲ. ಆ ಚಲನೆಯನ್ನೇ ಯಂತ್ರ ಹಿಡಿದು ಕೊಡುತ್ತದೆ. ಎಡಬಲಕ್ಕೆ ಹಾಯುವ ತಂತುಗಳಿಗೆ ಕೆಂಪು, ಹಿಂದುಮುಂದಕ್ಕೆ ಹಸಿರು, ಮೇಲೆ ಕೆಳಗೆ ಓಡುವವಕ್ಕೆ ನೀಲಿ. ಎರಡು ಅರೆಗೋಳಗಳನ್ನು ಬೆಸೆಯುವ ಸೇತುವೆ ನಟ್ಟನಡುವೆ ಕಡುಗೆಂಪಾಗಿ ಬಾಗಿ ನಿಂತಿರುತ್ತದೆ. ವೃದ್ಧಾಪ್ಯದಲ್ಲಿ ಅದರ ಮುಂತುದಿಯ ಕೆಂಪು ಮೆಲ್ಲಗೆ, ಬಲು ಮೆಲ್ಲಗೆ ಮಾಸುತ್ತದೆ. ಆ ಮಾಸಲು ಕೆಂಪಿನ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ಕೂತೇನು.

ನನಗೆ ಅತ್ಯಂತ ರುಚಿಸುವುದು ಮಾತ್ರ ಬೇರೆ. ಕೆಲಸದಲ್ಲಿ ತೊಡಗಿದ ಮಿದುಳಿನ ರಕ್ತದ ಹರಿವಿನಲ್ಲಾಗುವ ಬದಲಾವಣೆಯನ್ನು ಸೆರೆಹಿಡಿಯುವ ಪಿಇಟಿ ಸ್ಕ್ಯಾನ್ ಬಳಸಿ ನರವಿಜ್ಞಾನಿ ರಾಬರ್ಟೊ ಕಬೆಜಾ ಮತ್ತು ಸಂಗಡಿಗರು 2002ರಲ್ಲಿ ನೆನಪಿನ ಒಂದು ಕೆಲಸವನ್ನು ಪರೀಕ್ಷಿಸಿದರು. ಎಳೆಯರ ಮಿದುಳಿನಲ್ಲಿ ಹಣೆಯ ಹಿಂದಿನ ಬಲಬದಿ ಬೆಳಗಿತು. ತಡವರಿಸಿದ ಹಿರಿಯರಲ್ಲೂ ಬಹುತೇಕ ಅದೇ. ಎಳೆಯರಷ್ಟೇ ಚೆನ್ನಾಗಿ ನಿಭಾಯಿಸಿದ ಹಿರಿಯರಲ್ಲಿ? ಎರಡೂ ಬದಿ ಬೆಳಗಿತ್ತು! ಒಂದು ಕಡೆ ಬಲ ಕುಗ್ಗಿದರೆ ಇನ್ನೊಂದು ಕಡೆ ಕೈಜೋಡಿಸಿದಂತಿತ್ತು. ಎಂಥ ಜಾಣ ಹೊಂದಾಣಿಕೆ!

ಮಾಗುವ ಮಿದುಳುಗಳನ್ನು ಹೀಗೆ ನೋಡುವ ಕೆಲಸ ನಮ್ಮಲ್ಲೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರದ ಶ್ರೀನಿವಾಸಪುರದಲ್ಲಿ ದೀರ್ಘ ಅಧ್ಯಯನವೊಂದನ್ನು ಶುರುಮಾಡಿತು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ. ಮಾವಿನ ತೋಪುಗಳ ಸೀಮೆಯ ರೈತರು ಬೆಂಗಳೂರಿಗೆ ಬಂದು ಆ ಟಕಟಕ ಸದ್ದಿನ ಯಂತ್ರದಲ್ಲಿ ಅಲುಗಾಡದೆ ಮಲಗಿ ಕೊಟ್ಟ ಚಿತ್ರಗಳವು. ಜಗತ್ತಿನ ಇಂಥ ಚಿತ್ರಸಂಗ್ರಹಗಳಲ್ಲಿ ಬಿಳಿಯರದೇ ಪಾರುಪತ್ಯವಿರುವಾಗ ಇವಕ್ಕೆ ಬೆಲೆ ಕಟ್ಟುವುದು ಕಷ್ಟ.

ಮೈಸೂರಿನ ಸಿರಿ ಬೇರೆಯದೇ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮೆಲ್ಲರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳ ದಾಖಲೆಯನ್ನು ಜೋಪಾನ ಮಾಡಿದೆ. ಆ ಕೂಸುಗಳನ್ನು ಅಲ್ಲಿನ ಸಂಶೋಧಕರು ದೊಡ್ಡವರಾದ ಮೇಲೆ ಮನೆಮನೆ ಅಲೆದು ಪತ್ತೆಹಚ್ಚಿದರು. ಮುಂದೆ ಇಳಿವಯಸ್ಸಿನಲ್ಲಿ ಅವರ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದರು. ಅಂದು ಟೇಪು ಹಿಡಿದ ನರ್ಸಮ್ಮನಿಗೆ ಎಟುಕಿದ್ದು ತಲೆಯ ಹೊರಗು ಮಾತ್ರ. ನನ್ನದೊಂದು ಆಸೆಯಿದೆ: ಆ ರಿಜಿಸ್ಟರಿನ ಒಂದು ಸಾಲನ್ನೂ ಅದೇ ತಲೆಯ ಇವತ್ತಿನ ಒಳಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಒಂದು ಮಧ್ಯಾಹ್ನವಿಡೀ ನೋಡಬೇಕು. ಜೊತೆಗೆ ಯಾರಾದರೂ ಬರುವುದಾದರೆ ಫಿಲ್ಟರ್ ಕಾಫಿ ನನ್ನ ಲೆಕ್ಕ.