ಕಿಟಕಿಗೆ ಅಡ್ಡ ಬಂದ ಉಕ್ಕು

ಜಪಾನಿನ ಹಳೆಯ ಸರ್ಕಾರಿ ಶಾಲೆಗಳ ಮುಂಭಾಗದಲ್ಲಿ, ಕಿಟಕಿಗಳಿಗೆ ಅಡ್ಡಲಾಗಿ ದಪ್ಪನೆಯ ಉಕ್ಕಿನ ಓರೆತೊಲೆಗಳು (ಬ್ರೇಸ್) ಎದ್ದು ಕಾಣುತ್ತವೆ. ನೋಡಲು ಚೆಂದವಿಲ್ಲ, ನಿಜ. ಆದರೂ ಹಳೆಯ ಆರ್‌ಸಿಸಿ ಕಟ್ಟಡಗಳಿಗೆ ನಡೆದ ದುರಸ್ತಿಗಳಲ್ಲಿ ಇಷ್ಟು ಮೆಚ್ಚತಕ್ಕದ್ದು ಇನ್ನೊಂದಿಲ್ಲ ಎನ್ನುತ್ತೇನೆ.

1968ರ ತೊಕಾಚಿ ಭೂಕಂಪದಲ್ಲಿ ಶಾಲೆಗಳ ದೌರ್ಬಲ್ಯ ಬಯಲಾಯಿತು. ಕಿಟಕಿಯ ಕೆಳಗೋಡೆಗಳು ಬಿಗಿಹಿಡಿದ ಗಿಡ್ಡ ಕಂಬಗಳು ಬಾಗಲಾರದೆ ಓರೆಯಾಗಿ ಬಿರಿದವು. 1981ರಲ್ಲಿ ನಿಯಮ ಬಿಗಿಯಾದರೂ ಅದಕ್ಕೂ ಮುಂಚಿನ ಕಟ್ಟಡಗಳು ಬಹುಪಾಲು ಹಾಗೆಯೇ ಉಳಿದವು. 1995ರಲ್ಲಿ ಕೋಬೆಯ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಮೇಲೆ, ಅದೇ ವರ್ಷ, ಹಳೆಯ ಕಟ್ಟಡಗಳನ್ನು ಬಲಪಡಿಸಲೆಂದೇ ಕಾನೂನು ಬಂತು.

ಕಾಂಕ್ರೀಟ್ ಗೋಡೆ ಎಬ್ಬಿಸಿದ್ದರೂ ಬಲ ಬರುತ್ತಿತ್ತು. ಆದರೆ ತರಗತಿಗೆ ಕತ್ತಲೆ, ಕಟ್ಟಡಕ್ಕೆ ಭಾರ. ಭಾರ ಹೆಚ್ಚಿದಷ್ಟೂ ಭೂಕಂಪದ ಬಲವೂ ಹೆಚ್ಚು. ಉಕ್ಕಿನ ಬ್ರೇಸ್ ಹಗುರ, ಬೆಳಕನ್ನು ಒಳಗೆ ಬಿಡುತ್ತದೆ. ಹೊರಗಿನಿಂದಲೇ ಜೋಡಿಸುವ ಬಗೆಯಾದರೆ ಪಾಠಕ್ಕೂ ಅಷ್ಟಾಗಿ ಅಡ್ಡಿಯಿಲ್ಲ.

ಇದರ ಗುಣದೋಷವನ್ನು ಅಳೆಯಬೇಕಾದದ್ದು ಮಾತ್ರ ಕಣ್ಣಿಗೆ ಕಾಣುವ ಉಕ್ಕಿನಲ್ಲಲ್ಲ, ಜೋಡಣೆಯ ಜಾಗದಲ್ಲಿ. ಹಳೆಯ ತೊಲೆ, ಕಂಬಗಳಿಗೆ ರಂಧ್ರ ಕೊರೆದು ಆಂಕರ್ ಬೋಲ್ಟ್ ಕೂರಿಸಿ, ಉಕ್ಕಿನ ಚೌಕಟ್ಟಿಗೂ ಕಾಂಕ್ರೀಟಿಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟ್ ತುಂಬುತ್ತಾರೆ. ಕಟ್ಟಡದ ತೊನೆತ ಬ್ರೇಸಿಗೆ ದಾಟುವುದು ಈ ಸಂದಿಯ ಮೂಲಕವೇ. ಕಾಂಕ್ರೀಟ್ ಟೊಳ್ಳಾಗಿದ್ದರೆ ಬೋಲ್ಟು ಕಿತ್ತು ಬರುತ್ತದೆ, ಎಷ್ಟೇ ದಪ್ಪ ಉಕ್ಕಿದ್ದರೂ ವ್ಯರ್ಥ. ಬ್ರೇಸಿನ ಪಕ್ಕದ ಕಂಬಕ್ಕೆ ಎಳೆತ ಹೆಚ್ಚಿ ಪಾಯವೇ ಮೇಲೇಳಲು ಹವಣಿಸಬಹುದು. ಒಂದೇ ಮಹಡಿಯನ್ನು ಗಟ್ಟಿ ಮಾಡಿದರೆ ದೌರ್ಬಲ್ಯ ಮೇಲಿನ ಮಹಡಿಗೆ ಜಿಗಿಯಬಹುದು. ಒತ್ತಡಕ್ಕೆ ಸಿಕ್ಕ ತೆಳು ಬ್ರೇಸ್ ಬಳುಕಿ ಸೋಲುವುದೂ ಉಂಟು. ಅದನ್ನು ತಡೆಯಲು ಉಕ್ಕಿನ ತಿರುಳಿಗೆ ಹೊರಕವಚ ತೊಡಿಸುವ ವಿಧಾನವನ್ನು ಜಪಾನಿನವರೇ ಬೆಳೆಸಿದರು.

2011ರ ಭೂಕಂಪದಲ್ಲಿ ಇನ್ನೊಂದು ಕೊರತೆ ಕಂಡಿತು: ಹಲವು ಶಾಲೆಗಳ ವ್ಯಾಯಾಮಶಾಲೆಗಳಲ್ಲಿ ತೂಗುಛಾವಣಿಗಳು ಕಳಚಿ ಬಿದ್ದವು. ಬ್ರೇಸ್ ಕಾಯುವುದು ಕಟ್ಟಡದ ಅಸ್ಥಿಪಂಜರವನ್ನು. ಉಳಿದದ್ದಕ್ಕೆ ಬೇರೆ ಕೆಲಸವೇ ಬೇಕು.

ನಮ್ಮಲ್ಲೂ 2001ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ, ನೆಲಮಹಡಿಯನ್ನು ಪಾರ್ಕಿಂಗಿಗೆಂದು ಖಾಲಿ ಬಿಟ್ಟ ಅಪಾರ್ಟ್‌ಮೆಂಟುಗಳು ಉರುಳಿದವು. ಅಂಥ ಗೋಡೆಯಿಲ್ಲದ ಕಂಬಸಾಲಿಗೆ ಬ್ರೇಸ್ ಒಪ್ಪುವ ಮದ್ದು, ವಾಹನ ಓಡಾಡುವ ದಾರಿಯನ್ನು ಬಿಟ್ಟು ಜೋಡಿಸಬಹುದು. ಆದರೆ ಉಕ್ಕು ತರಿಸುವ ಮೊದಲು ಕಂಬದಿಂದ ಕಾಂಕ್ರೀಟಿನ ತುಂಡು ಕೊರೆದು ತೆಗೆದು ಪರೀಕ್ಷಿಸಲಿ, ಪಾಯ ಅಗೆದು ನೋಡಲಿ. ಈ ಎರಡಕ್ಕೆ ಹಣ ಕೊಡಲು ಹಿಂಜರಿಯುವ ಮಾಲೀಕರಿಗೆ ಬ್ರೇಸ್ ಹಾಕಿಕೊಡಲು ಎಂಜಿನಿಯರ್ ಒಪ್ಪಬಾರದು.